ಯುವಿ ಬೆಳಕಿನಲ್ಲಿ ಯುರೇನಿಯಂ ಖನಿಜಗಳು: ದೀಪದ ಆಯ್ಕೆಯಿಂದ ಗುರುತು ಹಿಡಿಯುವವರೆಗೆ

ಯುರೇನಿಯಂ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಕತ್ತಲಲ್ಲಿ ತನ್ನಷ್ಟಕ್ಕೇ ಹಸಿರಾಗಿ ಹೊಳೆಯುವ ಕಲ್ಲು. ಕಾರ್ಟೂನುಗಳು ನಮ್ಮ ತಲೆಯಲ್ಲಿ ಕೂರಿಸಿದ ಚಿತ್ರ ಅದು. ಯುರೇನಿಯಂ ಖನಿಜವನ್ನು ಕತ್ತಲ ಕೋಣೆಯಲ್ಲಿಟ್ಟರೆ ನಿಮಗೆ ಏನೂ ಕಾಣುವುದಿಲ್ಲ. ನೇರಳಾತೀತ ದೀಪ, ಅಂದರೆ ಯುವಿ ದೀಪ ಹಿಡಿದರೆ ಮಾತ್ರ ಹಸಿರು ಚಿಮ್ಮುತ್ತದೆ. ಅದೂ ಕೆಲವು ಖನಿಜಗಳಲ್ಲಿ ಮಾತ್ರ. ದೀಪ ತೆಗೆದ ಕ್ಷಣವೇ ಆ ಹಸಿರೂ ಹೋಗುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಇದಕ್ಕಿಂತ ಅಪಾಯದ್ದು. ಜಾಸ್ತಿ ಬೆಳಗಿದರೆ ಜಾಸ್ತಿ ವಿಕಿರಣ, ಬೆಳಗದಿದ್ದರೆ ಚಿಂತೆಯಿಲ್ಲ ಅಂತ ಅಂದುಕೊಳ್ಳುವುದು. 1898ರಲ್ಲಿ ಮೇರಿ ಕ್ಯೂರಿ ಖನಿಜಗಳನ್ನು ಒಂದೊಂದಾಗಿ ಅಳೆದಾಗ ಶುದ್ಧ ಯುರೇನಿಯಂ ಲೋಹಕ್ಕಿಂತಲೂ ಬಹಳ ಹೆಚ್ಚು ವಿಕಿರಣ ಸೂಸಿದ್ದು ಎರಡು: ಪಿಚ್‌ಬ್ಲೆಂಡ್ ಮತ್ತು ಚಾಲ್ಕೊಲೈಟ್. ಚಾಲ್ಕೊಲೈಟನ್ನು ಈಗ ಟಾರ್ಬರ್ನೈಟ್ ಅನ್ನುತ್ತಾರೆ. ಈ ಎರಡರ ಮೇಲೂ ಯುವಿ ದೀಪ ಹಿಡಿದು ನೋಡಿ, ಎರಡೂ ಕಪ್ಪಗೆ ಕೂತಿರುತ್ತವೆ. ಮತ್ತೊಂದು ಕಡೆ ಹಯಲೈಟ್ ಓಪಲ್ ಅನ್ನುವ ಗಾಜಿನಂಥ ಕಲ್ಲು ಕಣ್ಣು ಕುಕ್ಕುವಂತೆ ಹಸಿರಾಗುತ್ತದೆ. ಅದರಲ್ಲಿರುವ ಯುರೇನಿಯಂ ಮಾತ್ರ ಲೇಶದಷ್ಟು.

ಹಾಗಾದರೆ ಆ ಹಸಿರು ಏನು ಹೇಳುತ್ತದೆ? ಯುರೇನಿಯಂ ಯಾವ ರೂಪದಲ್ಲಿದೆ, ಅದರ ಅಕ್ಕಪಕ್ಕ ಯಾರಿದ್ದಾರೆ ಅನ್ನುವುದನ್ನು ಹೇಳುತ್ತದೆ. ಎಷ್ಟಿದೆ ಅನ್ನುವುದನ್ನಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ವಿಷಯದ ಮೇಲೆ ನಿಂತಿವೆ.

ದೀಪ ಹಿಡಿಯುವ ಮೊದಲು: ಬೆಳಗುವುದು ಯಾವುದು?

ಯುರೇನಿಯಂ ಖನಿಜಗಳಲ್ಲಿ ಮುಖ್ಯವಾಗಿ ಎರಡು ರೂಪಗಳಲ್ಲಿ ಸಿಗುತ್ತದೆ. ನೆಲದಾಳದಲ್ಲಿ, ಆಮ್ಲಜನಕ ಕಡಿಮೆ ಇರುವ ಕಡೆ ಅದು ನಾಲ್ಕರ ವೇಲೆನ್ಸಿಯಲ್ಲಿರುತ್ತದೆ, ಅಂದರೆ ಬಂಧಕ್ಕಾಗಿ ನಾಲ್ಕು ಎಲೆಕ್ಟ್ರಾನ್ ಬಿಟ್ಟುಕೊಟ್ಟಿರುತ್ತದೆ. ಯುರೇನಿನೈಟ್ ಈ ಗುಂಪಿನದು, ಅದರ ಉಂಡೆಯುಂಡೆಯಾದ ಕಪ್ಪು ರೂಪವೇ ಪಿಚ್‌ಬ್ಲೆಂಡ್. ಭಾರ ಜಾಸ್ತಿ, ಬಣ್ಣ ಕಪ್ಪು, ಯುವಿಯಲ್ಲಿ ಹೊಳಪಿಲ್ಲ.

ಇದೇ ಖನಿಜಕ್ಕೆ ಮಳೆನೀರು, ಗಾಳಿ ತಾಗಿದರೆ ಯುರೇನಿಯಂ ಆರರ ವೇಲೆನ್ಸಿಗೆ ಏರುತ್ತದೆ. ಆಗ ಒಂದು ಯುರೇನಿಯಂ ಪರಮಾಣು ಎರಡು ಕಡೆಯೂ ಒಂದೊಂದು ಆಮ್ಲಜನಕವನ್ನು ಬಿಗಿಯಾಗಿ ಹಿಡಿದು ನೇರ ಸಾಲಿನಲ್ಲಿ ನಿಲ್ಲುತ್ತದೆ. ಈ ಮೂವರ ಗುಂಪಿಗೆ ಯುರೇನೈಲ್ ಎಂದು ಹೆಸರು. ಯುವಿ ಬಿದ್ದಾಗ ಆಮ್ಲಜನಕದ ಕಡೆಯ ಒಂದು ಎಲೆಕ್ಟ್ರಾನ್ ಯುರೇನಿಯಂ ಕಡೆಗೆ ಜಿಗಿಯುತ್ತದೆ. ಮರಳಿ ಬರುವಾಗ ಆ ಶಕ್ತಿಯನ್ನು ಹಸಿರು ಬೆಳಕಾಗಿ ಬಿಡುತ್ತದೆ. ಈ ಬೆಳಕಿನ ಹೆಚ್ಚಿನ ಪಾಲು 500ರಿಂದ 550 ನ್ಯಾನೋಮೀಟರ್ ನಡುವೆ ಬರುತ್ತದೆ. ನಮ್ಮ ಕಣ್ಣು ಅತಿ ಚುರುಕಾಗಿರುವುದೂ ಇದೇ ಜಾಗದಲ್ಲಿ. ಯುರೇನೈಲ್ ಹಸಿರು ಅಷ್ಟು ಪ್ರಖರವಾಗಿ ಕಾಣಲು ಇದೂ ಒಂದು ಕಾರಣ.

ಪಠ್ಯಪುಸ್ತಕದಲ್ಲಿ ಇದನ್ನು ಪ್ರತಿದೀಪ್ತಿ ಅನ್ನುತ್ತಾರೆ, ಹವ್ಯಾಸಿಗಳು ಫ್ಲೋರೆಸೆನ್ಸ್ ಅಂತಲೇ ಕರೆಯುತ್ತಾರೆ. ಈ ಗುಣಕ್ಕೂ ವಿಕಿರಣಕ್ಕೂ ಸಂಬಂಧವಿಲ್ಲ ಅನ್ನುವುದನ್ನು ಮೊದಲು ಕಂಡವರು ಫ್ರೆಂಚ್ ಭೌತವಿಜ್ಞಾನಿ ಆನ್ರಿ ಬೆಕೆರೆಲ್. 1896ರಲ್ಲಿ ಅವರು ಪೊಟ್ಯಾಸಿಯಂ ಯುರೇನೈಲ್ ಸಲ್ಫೇಟ್ ಹರಳುಗಳನ್ನು ಬಿಸಿಲಿಗಿಟ್ಟು, ಆ ಹೊಳಪಿನ ಜೊತೆ ಎಕ್ಸ್‌ರೇ ತರದ ಕಿರಣವೂ ಬರುತ್ತದೆಯೇ ಎಂದು ನೋಡಲು ಹೊರಟಿದ್ದರು. ಫೆಬ್ರವರಿ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಮೋಡ ಕವಿಯಿತು. ಹರಳು ಮತ್ತು ಫೋಟೋ ತಟ್ಟೆ ಎರಡೂ ಮೇಜಿನ ಡ್ರಾಯರ್ ಸೇರಿದವು. ಮಾರ್ಚ್ 1ರಂದು ತಟ್ಟೆಯನ್ನು ತೊಳೆದರೆ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಬಿಸಿಲೂ ಬೇಕಿರಲಿಲ್ಲ, ಹೊಳಪೂ ಬೇಕಿರಲಿಲ್ಲ. ಆಮೇಲೆ ಹೊಳೆಯದ ಯುರೇನಿಯಂ ಲವಣಗಳನ್ನೂ ಲೋಹವನ್ನೂ ಇಟ್ಟು ನೋಡಿದರು, ಅವೂ ತಟ್ಟೆಯನ್ನು ಕಪ್ಪಾಗಿಸಿದವು. ಹೊಳಪಿನ ಬೆನ್ನು ಹತ್ತಿ ಹೋದವರಿಗೆ ಹೊಳಪಿಗೆ ಸಂಬಂಧವೇ ಇಲ್ಲದ ವಿಕಿರಣ ಸಿಕ್ಕಿತು.

ಹೆಜ್ಜೆ 1: ಸುರಕ್ಷತೆ

ಇದನ್ನು ಕೊನೆಗೆ ಒಂದು ಸಾಲಿನಲ್ಲಿ ಮುಗಿಸುವ ಅಭ್ಯಾಸ ನನಗೆ ಇಷ್ಟವಿಲ್ಲ. ಹಾಗಾಗಿ ಮೊದಲೇ ಹೇಳುತ್ತೇನೆ.

ಕಾನೂನು ನೋಡಿಕೊಳ್ಳಿ. ಯುರೇನಿಯಂ ಖನಿಜವನ್ನು ಕೊಳ್ಳುವ, ಇಟ್ಟುಕೊಳ್ಳುವ, ಅಂಚೆಯಲ್ಲಿ ಕಳಿಸುವ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ತರ. ಕೆಲವು ಕಡೆ ಲೈಸೆನ್ಸ್ ಇಲ್ಲದೆ ಮುಟ್ಟುವಂತೆಯೇ ಇಲ್ಲ. ನಿಮ್ಮಲ್ಲಿ ಹಾಗಿದ್ದರೆ ಮ್ಯೂಸಿಯಂ ಅಥವಾ ಕಾಲೇಜಿನ ಭೂವಿಜ್ಞಾನ ವಿಭಾಗದ ಸಂಗ್ರಹದಲ್ಲಿ ನೋಡಿ. ಗುರುತು ಹಿಡಿಯುವ ವಿಧಾನ ಎಲ್ಲಿ ನೋಡಿದರೂ ಒಂದೇ.

ಕಲ್ಲಿನ ವಿಷಯದಲ್ಲಿ ದೊಡ್ಡ ಅಪಾಯ ಧೂಳು. ಯುರೇನಿಯಂ ಮತ್ತು ಅದು ಒಡೆದು ಹುಟ್ಟುವ ಸಂತತಿಯ ಧಾತುಗಳು ಬಿಡುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದ ತಡೆಯುತ್ತದೆ. ನಮ್ಮ ಚರ್ಮದ ಸತ್ತ ಪದರವೂ ತಡೆಯುತ್ತದೆ. ಅದೇ ಧೂಳು ಉಸಿರಿನಲ್ಲಿ ಅಥವಾ ಬಾಯಿಯಲ್ಲಿ ಒಳಗೆ ಹೋದರೆ ತಡೆಯಲು ಏನೂ ಇರುವುದಿಲ್ಲ. ಅದಕ್ಕೇ ಕಲ್ಲನ್ನು ಒಡೆಯಬೇಡಿ, ಉಜ್ಜಬೇಡಿ, ಕೊರೆಯಬೇಡಿ, ಊದಿ ಧೂಳು ಹಾರಿಸಬೇಡಿ. ಬಣ್ಣ ಚೆನ್ನಾಗಿ ಕಾಣಲಿ ಅಂತ ಕಲ್ಲನ್ನು ನೆಕ್ಕುವ ಒಂದು ಹಳೇ ಚಾಳಿ ಭೂವಿಜ್ಞಾನಿಗಳಿಗೆ ಇದೆ. ಇಲ್ಲಿ ಮಾತ್ರ ಅದು ಬೇಡವೇ ಬೇಡ.

ನೈಟ್ರೈಲ್ ಕೈಗವಸು ಹಾಕಿ. ಕಲ್ಲನ್ನು ಅಂಚಿರುವ ಟ್ರೇ ಮೇಲಿಡಿ, ಉದುರಿದ ಚೂರು ಅಲ್ಲೇ ನಿಲ್ಲುತ್ತದೆ. ಮುಗಿದ ಮೇಲೆ ಟ್ರೇಯನ್ನು ಒದ್ದೆ ಟಿಶ್ಯೂನಿಂದ ಒರೆಸಿ, ಕೈ ತೊಳೆದುಕೊಳ್ಳಿ. ಆ ಮೇಜಿನ ಹತ್ತಿರ ತಿಂಡಿ, ಕಾಫಿ ಬೇಡ.

ಗಾಮಾ ಕಿರಣಕ್ಕೆ ಅತಿ ಸುಲಭದ ಮದ್ದು ದೂರ. ಚಿಕ್ಕ ಕಲ್ಲಿನಿಂದ ಎರಡರಷ್ಟು ದೂರ ಸರಿದರೆ ಕಿರಣದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನೂ ಸುಲಭದ ದಾರಿ ಚಿಕ್ಕ ಮಾದರಿ ಇಟ್ಟುಕೊಳ್ಳುವುದು. ಉಗುರಿನಷ್ಟು ಅಗಲದ ಆಟುನೈಟ್ (ಹಳದಿ ಬಣ್ಣದ ಒಂದು ಯುರೇನಿಯಂ ಖನಿಜ) ಯುವಿಯಲ್ಲಿ ಮುಷ್ಟಿಗಾತ್ರದ್ದರಷ್ಟೇ ಚೆಂದ ಬೆಳಗುತ್ತದೆ. ದೊಡ್ಡದಕ್ಕೆ ಆಸೆಪಡುವುದರಲ್ಲಿ ಅರ್ಥವಿಲ್ಲ.

ಯುವಿಯದ್ದು ಬೇರೆ ಅಪಾಯ. ಶಾರ್ಟ್‌ವೇವ್ (ಕಿರು ತರಂಗಾಂತರದ) ದೀಪ ಕಣ್ಣಿನ ಕಾರ್ನಿಯಾವನ್ನು ಸುಡುತ್ತದೆ, ವೆಲ್ಡಿಂಗ್ ಮಾಡುವವರಿಗೆ ಆಗುತ್ತದಲ್ಲ, ಅದೇ ತೊಂದರೆ. ಉರಿ ಶುರುವಾಗುವುದು ಕೆಲವು ಗಂಟೆಗಳ ನಂತರ, ಹಾಗಾಗಿ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಯುವಿ ತಡೆಯುವ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿ, ತುಂಬು ತೋಳಿನ ಬಟ್ಟೆ ತೊಡಿ. ಲಾಂಗ್‌ವೇವ್ (ಉದ್ದ ತರಂಗಾಂತರದ) ಟಾರ್ಚಿಗೂ ಕನ್ನಡಕ ಬೇಕು.

ಹೆಜ್ಜೆ 2: ದೀಪದ ಆಯ್ಕೆ

ಹವ್ಯಾಸಿಗಳು ಹೆಚ್ಚಾಗಿ ಬಳಸುವ ತರಂಗಾಂತರ ಎರಡು. ಲಾಂಗ್‌ವೇವ್ ಅಂದರೆ 365 ನ್ಯಾನೋಮೀಟರ್ ಆಸುಪಾಸು, ಶಾರ್ಟ್‌ವೇವ್ ಅಂದರೆ 254. ನಡುವೆ ಸುಮಾರು 310ರ ಮಿಡ್‌ವೇವ್ ದೀಪಗಳೂ ಇವೆ. ಯುರೇನಿಯಂ ಖನಿಜಕ್ಕಾಗಿ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯ ಬೀಳುವುದಿಲ್ಲ.

ಮೊದಲು ಕೊಳ್ಳಬೇಕಾದ್ದು 365ರ ಎಲ್‌ಇಡಿ ಟಾರ್ಚ್. ಆಟುನೈಟ್ ಗುಂಪಿನ ಖನಿಜಗಳು, ಯುರೇನೈಲ್ ಕಾರ್ಬೊನೇಟ್‌ಗಳು ಇದರಲ್ಲೇ ಚೆನ್ನಾಗಿ ಬೆಳಗುತ್ತವೆ. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. 365ರ ಬೆಳಕು ಗಾಜು ಮತ್ತು ಬಹಳಷ್ಟು ಪಾರದರ್ಶಕ ಪ್ಲಾಸ್ಟಿಕ್‌ಗಳ ಮೂಲಕ ಹಾಯುತ್ತದೆ. ಡಬ್ಬಿಯ ಮುಚ್ಚಳ ತೆಗೆಯದೆಯೇ ಮಾದರಿ ನೋಡಬಹುದು. 254ರ ಬೆಳಕನ್ನು ಸಾಧಾರಣ ಗಾಜು ಪೂರ್ತಿ ನುಂಗಿಬಿಡುತ್ತದೆ, ಹಾಗಾಗಿ ಕಲ್ಲನ್ನು ಹೊರಗೆ ತೆಗೆಯಲೇಬೇಕು.

ಅಗ್ಗದ ಟಾರ್ಚುಗಳ ಮೇಲೆ ಯುವಿ ಅಂತ ಬರೆದಿರುತ್ತದೆ. ನೋಡಿದರೆ ಅವು 395 ಅಥವಾ 405ರವು. ಯುರೇನೈಲ್ ಈ ಬೆಳಕಿಗೂ ಸ್ಪಂದಿಸುತ್ತದೆ ನಿಜ. ಆದರೆ ಟಾರ್ಚಿನ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಎಲ್ಲವನ್ನೂ ಮುಚ್ಚಿ, ಮಂದವಾಗಿ ಬೆಳಗುವ ಖನಿಜ ಕಾಣದಂತಾಗುತ್ತದೆ. 365ರ ಟಾರ್ಚಿನಿಂದಲೂ ಒಂದಿಷ್ಟು ಬಿಳಿ-ನೇರಳೆ ಬೆಳಕು ಸೋರುತ್ತದೆ. ಅದನ್ನು ತಡೆಯಲು ಮುಂದೆ ಕಪ್ಪು ಫಿಲ್ಟರ್ ಗಾಜು ಇರಬೇಕು. ಝಡ್‌ಡಬ್ಲ್ಯೂಬಿ2 ಅನ್ನುವ ಗಾಜು ಈ ಕೆಲಸಕ್ಕೆ ಸಾಮಾನ್ಯ. ಫಿಲ್ಟರ್ ಸರಿಯಿದೆಯೇ ಎಂದು ನೋಡಲು ಕತ್ತಲಲ್ಲಿ ಒಂದು ಸ್ಟೀಲ್ ಚಮಚದ ಮೇಲೆ ಬೆಳಕು ಬಿಡಿ. ಸ್ಟೀಲು ತಾನಾಗಿ ಬೆಳಗುವುದಿಲ್ಲ. ಅದರ ಮೇಲೆ ನಿಮಗೆ ಕಾಣುವುದೆಲ್ಲ ಸೋರಿದ ಬೆಳಕು.

ಶಾರ್ಟ್‌ವೇವ್ ಬೇಕೆನಿಸುವುದು ಮುಂದಿನ ಹಂತದಲ್ಲಿ. ಹಯಲೈಟ್ ಓಪಲ್, ಯುರೇನೈಲ್ ಸೇರಿದ ಚಾಲ್ಸೆಡನಿ (ಒಂದು ಬಗೆಯ ಸಿಲಿಕಾ ಕಲ್ಲು) ಇದರಲ್ಲಿ ಜಾಸ್ತಿ ಚೆನ್ನಾಗಿ ಕಾಣುತ್ತವೆ. ಪಾದರಸದ ಕೊಳವೆ ಮತ್ತು ಫಿಲ್ಟರ್ ಇರುವ ಖನಿಜ ದೀಪವನ್ನೇ ಕೊಳ್ಳಿ. ಕ್ರಿಮಿನಾಶಕ ಯುವಿ ಕೊಳವೆಯನ್ನು ಸುಮ್ನೆ ಹೋಲ್ಡರಿಗೆ ಹಾಕಿ ಬಳಸಬೇಡಿ. ಅದಕ್ಕೆ ಫಿಲ್ಟರ್ ಇರುವುದಿಲ್ಲ, ಸುತ್ತ ಎಲ್ಲ ದಿಕ್ಕಿಗೂ ಯುವಿ ಹರಡುತ್ತದೆ.

ಹೆಜ್ಜೆ 3: ಕತ್ತಲೆ ಮತ್ತು ಹಿನ್ನೆಲೆ

ಕೋಣೆ ನಿಜವಾಗಿ ಕತ್ತಲಾಗಿರಲಿ. ಚಾರ್ಜರಿನ ಚಿಕ್ಕ ದೀಪವನ್ನೂ ಮುಚ್ಚಿ. ಹತ್ತು ನಿಮಿಷ ಸುಮ್ಮನೆ ಕೂತು ಕಣ್ಣಿಗೆ ಕತ್ತಲು ಒಗ್ಗಲು ಬಿಡಿ. ಮಧ್ಯೆ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ ಶುರು.

ಕಲ್ಲಿನ ಕೆಳಗೆ ಹಾಸುವ ಬಟ್ಟೆಯನ್ನು ಮೊದಲು ಟಾರ್ಚಿನಲ್ಲಿ ಪರೀಕ್ಷಿಸಿ. ಬಿಳಿ ಕಾಗದ, ಬಿಳಿ ಬಟ್ಟೆ ಯಾವುದೂ ಬೇಡ. ಅವಕ್ಕೆ ಹಾಕಿರುವ ಬಿಳುಪುಕಾರಕ ಯುವಿಯಲ್ಲಿ ನೀಲಿಯಾಗಿ ಉರಿದು ಕಲ್ಲಿನ ಬಣ್ಣ ಕೆಡಿಸುತ್ತದೆ. ಕಪ್ಪು ಬಟ್ಟೆಯೇ ಒಳ್ಳೆಯದು. ಆದರೂ ಅದರ ಮೇಲಿನ ನೂಲಿನ ಎಳೆಗಳು ನೀಲಿ ಚುಕ್ಕೆಗಳಾಗಿ ಕಾಣುತ್ತವೆ. ಹೊಸಬರು ಇವನ್ನು ಖನಿಜ ಅಂದುಕೊಂಡು ಖುಷಿಪಡುವುದು ಮಾಮೂಲಿ. ಎಳೆ ಉದ್ದಕ್ಕೆ ಬಾಗಿರುತ್ತದೆ, ಹರಳಿನ ಅಂಚು ನೇರವಾಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಹೆಜ್ಜೆ 4: ಯಾವುದರಿಂದ ಶುರು ಮಾಡಬೇಕು

ನನ್ನ ಸಲಹೆ: ಕಲ್ಲಿಗಿಂತ ಮೊದಲು ಯುರೇನಿಯಂ ಗಾಜು. ಹತ್ತೊಂಬತ್ತನೇ ಶತಮಾನದಿಂದ ಬಟ್ಟಲು, ಮಣಿ, ಹೂದಾನಿಗಳನ್ನು ಇದರಲ್ಲಿ ಮಾಡುತ್ತಿದ್ದರು. ಹಗಲಿನಲ್ಲಿ ತಿಳಿ ಹಳದಿ-ಹಸಿರು, ಯುವಿಯಲ್ಲಿ ಕಡು ಹಸಿರು. ಯುರೇನಿಯಂ ಗಾಜಿನೊಳಗೆ ಸೇರಿಕೊಂಡಿರುವುದರಿಂದ ಧೂಳು ಉದುರುವುದಿಲ್ಲ. ಒಂದು ಮಣಿ ಸಾಕು. ಯುರೇನೈಲ್ ಹಸಿರು ಅಂದರೆ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗುತ್ತದೆ. 1852ರಲ್ಲಿ ಫ್ಲೋರೆಸೆನ್ಸ್ ಎಂಬ ಹೆಸರನ್ನು ಕೊಟ್ಟ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಕೂಡ ತಮ್ಮ ಪ್ರಯೋಗಗಳಲ್ಲಿ ಇಂಥ ಗಾಜನ್ನು ಬಳಸಿದ್ದರು.

ಎರಡನೆಯದು ಹಯಲೈಟ್ ಓಪಲ್. ಮೆಕ್ಸಿಕೋದಿಂದಲೂ ನಮೀಬಿಯಾದ ಎರೊಂಗೊ ಬೆಟ್ಟಗಳಿಂದಲೂ ಒಳ್ಳೆಯ ಮಾದರಿಗಳು ಬರುತ್ತವೆ. ಗಟ್ಟಿಯಾದ ಕಲ್ಲು, ಪುಡಿಯಾಗುವುದಿಲ್ಲ. ಮೂರನೆಯದಾಗಿ ಆಟುನೈಟ್. ಈ ಹವ್ಯಾಸದ ರಾಜ ಇದೇ.

ಹೆಜ್ಜೆ 5: ಆಟುನೈಟನ್ನು ಹತ್ತಿರದಿಂದ ನೋಡುವುದು

ಫ್ರಾನ್ಸಿನ ಆಟುನ್ ಪಟ್ಟಣದ ಹೆಸರು ಹೊತ್ತ ಈ ಖನಿಜ ಕ್ಯಾಲ್ಸಿಯಂ ಯುರೇನೈಲ್ ಫಾಸ್ಫೇಟ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಡೇಬ್ರೇಕ್ ಗಣಿಯಿಂದ ಬಂದ ದಪ್ಪ ಬೀಸಣಿಗೆಯಾಕಾರದ ಗೊಂಚಲುಗಳು ಸಂಗ್ರಾಹಕರಲ್ಲಿ ಹೆಸರುವಾಸಿ.

ಮೊದಲು ಬಿಸಿಲಿನಲ್ಲಿ ನೋಡಿ. ನಿಂಬೆ ಹಳದಿ ಬಣ್ಣದ ಚೌಕ ಬಿಲ್ಲೆಗಳು ಒಂದರ ಮೇಲೊಂದು ಪೇರಿಸಿದಂತೆ ಇರುತ್ತವೆ. ಹಳದಿಯೊಳಗೆ ಒಂದು ಹಸಿರು ಛಾಯೆ ಅಂಚುಗಳಲ್ಲಿ ಕಾಣುತ್ತದೆ. ಅದು ಖನಿಜದ ಸ್ವಂತ ಬಣ್ಣ ಮಾತ್ರ ಅಲ್ಲ. ಬಿಸಿಲಿನಲ್ಲಿರುವ ಯುವಿಗೇ ಅದು ಆಗಲೇ ಬೆಳಗುತ್ತಿರುತ್ತದೆ. ಅದೇ ಕಲ್ಲನ್ನು ಒಳಗೆ ತಂದು, ಯುವಿ ಇಲ್ಲದ ಎಲ್‌ಇಡಿ ಬಲ್ಬಿನಡಿ ಹಿಡಿದರೆ ಹಸಿರು ಕಡಿಮೆಯಾದದ್ದು ಕಾಣುತ್ತದೆ.

ಈಗ ಕತ್ತಲಲ್ಲಿ ಟಾರ್ಚನ್ನು ಒಂದು ಗೇಣು ದೂರದಿಂದ, ಓರೆಯಾಗಿ ಹಿಡಿಯಿರಿ. ಬಿಲ್ಲೆಗಳ ಮೈಗಿಂತ ಅಂಚುಗಳು ಹೆಚ್ಚು ಪ್ರಖರ. ಬೆಳಕು ಹರಳಿನೊಳಗೇ ಹರಿದು ಅಂಚಿನಲ್ಲಿ ಹೊರಬೀಳುವುದರಿಂದ ಹೀಗಾಗುತ್ತದೆ. ಟಾರ್ಚನ್ನು ನಿಧಾನಕ್ಕೆ ಸುತ್ತ ತಿರುಗಿಸಿ. ಬರಿಗಣ್ಣಿಗೆ ಏನೂ ಇಲ್ಲ ಅಂದುಕೊಂಡಿದ್ದ ಬಂಡೆಯ ಬಿರುಕುಗಳಲ್ಲೂ ತೆಳು ಹಸಿರು ಪೊರೆ ಕಾಣಿಸಬಹುದು.

ಟಾರ್ಬರ್ನೈಟ್ ಕೂಡ ಇರುವ ಕಲ್ಲು ಸಿಕ್ಕರೆ ಬಿಡಬೇಡಿ. ರಚನೆಯಲ್ಲಿ ಇವೆರಡೂ ಅಣ್ಣತಮ್ಮಂದಿರು. ಆಟುನೈಟ್‌ನ ಕ್ಯಾಲ್ಸಿಯಂ ಜಾಗದಲ್ಲಿ ತಾಮ್ರ ಕೂತರೆ ಟಾರ್ಬರ್ನೈಟ್. ಹಗಲಲ್ಲಿ ಪಚ್ಚೆಯಂಥ ಹಸಿರು, ಯುವಿಯಲ್ಲಿ ಕಪ್ಪು. ಯುವಿಯಿಂದ ಯುರೇನೈಲ್ ಪಡೆದ ಶಕ್ತಿಯನ್ನು ಪಕ್ಕದ ತಾಮ್ರ ಕಸಿದುಕೊಂಡು ಶಾಖವಾಗಿ ಕಳೆದುಬಿಡುತ್ತದೆ. ಕೆಲವು ಮಾದರಿಗಳಲ್ಲಿ ಟಾರ್ಬರ್ನೈಟ್ ಬಿಲ್ಲೆಯ ಸುತ್ತ ಆಟುನೈಟ್ ಬೆಳೆದಿರುತ್ತದೆ. ಟಾರ್ಚ್ ಹಾಕಿದರೆ ಕಪ್ಪು ಚೌಕಕ್ಕೆ ಹಸಿರು ಬೆಳಕಿನ ಚೌಕಟ್ಟು ಹಾಕಿದ ಹಾಗೆ ಕಾಣುತ್ತದೆ. ಎರಡೂ ಕಡೆ ಯುರೇನಿಯಂ ಇದೆ. ಬೆಳಗುವುದು ಒಂದೇ ಕಡೆ.

ಹೆಜ್ಜೆ 6: ಬಣ್ಣವನ್ನು ಓದುವುದು

ಎಲ್ಲ ಯುರೇನೈಲ್ ಹಸಿರೂ ಒಂದೇ ಅಲ್ಲ. ಯುರೇನೈಲ್‌ಗೆ ಅಂಟಿಕೊಂಡ ಗುಂಪು ಯಾವುದು ಅನ್ನುವುದರ ಮೇಲೆ ಬಣ್ಣ ತುಸು ಅತ್ತಿತ್ತ ಸರಿಯುತ್ತದೆ.

ಕಾರ್ಬೊನೇಟ್ ಗುಂಪಿನವು ನೀಲಿಯ ಕಡೆ ವಾಲುತ್ತವೆ. ಆಂಡರ್ಸನೈಟ್, ಲೀಬಿಗೈಟ್, ಶ್ರೋಕಿಂಗರೈಟ್ ಈ ಗುಂಪಿನವು. ಆಂಡರ್ಸನೈಟ್‌ನ ತಣ್ಣನೆಯ ನೀಲಿ-ಹಸಿರನ್ನು ಒಮ್ಮೆ ನೋಡಿದರೆ ಆಟುನೈಟ್‌ನ ಹಳದಿ-ಹಸಿರಿನ ಜೊತೆ ಮತ್ತೆ ಗೊಂದಲವಾಗುವುದಿಲ್ಲ. ಹಳೇ ಗಣಿಗಳ ಗೋಡೆಯ ಮೇಲೆ ನೀರು ಜಿನುಗಿ ಒಣಗಿದ ಕಡೆ ಇಂಥವು ಹುಟ್ಟುತ್ತವೆ. ಆಂಡರ್ಸನೈಟ್ ಮೊದಲು ವರದಿಯಾದದ್ದು ಅರಿಜೋನಾದ ಹಿಲ್‌ಸೈಡ್ ಗಣಿಯಿಂದ. ಒಂದು ಎಚ್ಚರಿಕೆ: ಇದು ನೀರಿನಲ್ಲಿ ಕರಗುತ್ತದೆ. ಧೂಳಾಗಿದೆ ಅಂತ ತೊಳೆದರೆ ಮಾದರಿಯೇ ಮಾಯ.

ಫಾಸ್ಫೇಟ್ ಮತ್ತು ಆರ್ಸೆನೇಟ್ ಗುಂಪಿನವು ಹಳದಿ-ಹಸಿರು, ಸಾಮಾನ್ಯವಾಗಿ ತುಂಬ ಪ್ರಖರ. ಆಟುನೈಟ್ ಜೊತೆಗೆ ಮೆಗ್ನೀಸಿಯಂ ಇರುವ ಸಲೀಯೈಟ್ ಕೂಡ ಇಲ್ಲಿ ಬರುತ್ತದೆ. ಸಿಲಿಕೇಟ್‌ಗಳದ್ದು ಮಂದ ಬೆಳಕು. ಯುರೇನೊಫೇನ್‌ನ ಹಳದಿ ಸೂಜಿಗಳು ಹಗಲಿನಲ್ಲಿ ಎಷ್ಟು ಸೊಗಸೋ ಯುವಿಯಲ್ಲಿ ಅಷ್ಟೇ ನಿರಾಸೆ. ಕಾರ್ನೊಟೈಟ್ ವನೇಡಿಯಂ ಸೇರಿದ ಯುರೇನೈಲ್ ಖನಿಜ. ಹಗಲಲ್ಲಿ ಕಣ್ಣಿಗೆ ಹೊಡೆಯುವ ಹಳದಿ, ಯುವಿಯಲ್ಲಿ ಹೊಳಪೇ ಇಲ್ಲ.

ಅಂದರೆ ಯುರೇನೈಲ್ ಇದ್ದರೂ ಸಾಲದು, ನೆರೆಹೊರೆಯೂ ಸರಿ ಇರಬೇಕು. ತಾಮ್ರ, ಕಬ್ಬಿಣ, ವನೇಡಿಯಂ ಹೊಳಪನ್ನು ಕೊಲ್ಲುತ್ತವೆ. ಯುರೇನೈಲ್ ಗುಂಪುಗಳು ಒಂದಕ್ಕೊಂದು ತೀರಾ ಒತ್ತಾಗಿ ಜೋಡಿಸಿಕೊಂಡರೂ ಹೊಳಪು ಕುಗ್ಗುತ್ತದೆ. ಹಯಲೈಟ್ ಓಪಲ್‌ನ ಗುಟ್ಟು ಇಲ್ಲೇ ಇದೆ. ಅದರಲ್ಲಿ ಯುರೇನೈಲ್ ಅತ್ಯಲ್ಪ, ಒಂದೊಂದೂ ದೂರ ದೂರ, ಸುತ್ತ ಶುದ್ಧ ಸಿಲಿಕಾ. ಶಕ್ತಿ ಕದಿಯುವವರು ಯಾರೂ ಹತ್ತಿರವಿಲ್ಲ.

ಹೆಜ್ಜೆ 7: ಇದು ಯುರೇನಿಯಂ ಹಸಿರೇ ಹೌದಾ?

ಹಸಿರಾಗಿ ಬೆಳಗಿದ್ದೆಲ್ಲ ಯುರೇನಿಯಂ ಅಲ್ಲ. ವಿಲ್ಲೆಮೈಟ್ ಅನ್ನುವ ಸತುವಿನ ಖನಿಜ ಶಾರ್ಟ್‌ವೇವ್‌ನಲ್ಲಿ ಥೇಟ್ ಇದೇ ಹಸಿರು. ಅಲ್ಲಿ ಬೆಳಗುವುದು ಮ್ಯಾಂಗನೀಸ್. ನ್ಯೂಜೆರ್ಸಿಯ ಫ್ರಾಂಕ್ಲಿನ್ ಗಣಿಗಳ ವಿಲ್ಲೆಮೈಟ್ ಲೋಕಪ್ರಸಿದ್ಧ. ಮ್ಯಾಂಗನೀಸ್ ಹಾಕಿದ ಹಳೇ ಗಾಜು ಕೂಡ ಮಂಕಾಗಿ ಹಸಿರು ಬೆಳಗಿ ಯುರೇನಿಯಂ ಗಾಜು ಅಂತ ಮಾರಾಟವಾಗುತ್ತದೆ. ತಿರುಗಾಮುರುಗವೂ ಉಂಟು: ಮೆಕ್ಸಿಕೋದ ಮಪಿಮಿಯ ಅಡಮೈಟ್ ಸತುವಿನ ಆರ್ಸೆನೇಟ್, ಆದರೆ ಅದರ ಹಸಿರು ಹೊಳಪು ಬರುವುದು ಲೇಶಮಾತ್ರದ ಯುರೇನೈಲ್‌ನಿಂದ.

ಬೇರ್ಪಡಿಸಲು ಮೂರು ಪರೀಕ್ಷೆ.

ಮೊದಲನೆಯದು ದೀಪ ಆರಿಸಿ ನೋಡುವುದು. ಯುರೇನೈಲ್ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗದೊಳಗೇ ನಂದಿಹೋಗುತ್ತದೆ, ಕಣ್ಣಿಗೆ ಅದು ತಕ್ಷಣ. ವಿಲ್ಲೆಮೈಟ್‌ನ ಕೆಲವು ಮಾದರಿಗಳು ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಹೊಳೆಯುತ್ತವೆ. ಹಸಿರು ಉಳಿದರೆ ಅದು ಯುರೇನೈಲ್ ಅಲ್ಲ. ಉಳಿಯದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ.

ಎರಡನೆಯದು ನನಗೆ ಅತಿ ಇಷ್ಟವಾದದ್ದು: ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್. ಕೈಯಲ್ಲಿ ಹಿಡಿಯುವ ಚಿಕ್ಕ ಡಿಫ್ರಾಕ್ಷನ್ ಗ್ರೇಟಿಂಗ್ ಸ್ಪೆಕ್ಟ್ರೋಸ್ಕೋಪ್ ಸಾಕು. ಆಟುನೈಟ್‌ನ ಹಸಿರನ್ನು ಅದರ ಮೂಲಕ ನೋಡಿದರೆ ಒಂದೇ ಪಟ್ಟೆ ಕಾಣುವುದಿಲ್ಲ. ಸುಮಾರು 502, 524, 548 ನ್ಯಾನೋಮೀಟರ್ ಹತ್ತಿರ ಬೇರೆ ಬೇರೆ ಪಟ್ಟೆಗಳು, ನಡುನಡುವೆ ಕತ್ತಲು, ಏಣಿಯ ಮೆಟ್ಟಿಲುಗಳ ಹಾಗೆ. ಯುರೇನಿಯಂ-ಆಮ್ಲಜನಕದ ಬಂಧ ಕಂಪಿಸುತ್ತಿರುತ್ತದೆ. ಎಲೆಕ್ಟ್ರಾನ್ ಇಳಿಯುವಾಗ ಆ ಕಂಪನಕ್ಕೆ ಒಂದು ಪಾಲು, ಎರಡು ಪಾಲು ಶಕ್ತಿ ಬಿಟ್ಟುಕೊಟ್ಟು ಇಳಿಯುತ್ತದೆ. ಒಂದೊಂದು ಪಾಲಿಗೆ ಒಂದೊಂದು ಮೆಟ್ಟಿಲು. ವಿಲ್ಲೆಮೈಟ್‌ನಲ್ಲಿ ಈ ಮೆಟ್ಟಿಲುಗಳಿಲ್ಲ, 525ರ ಸುತ್ತ ಒಂದೇ ಅಗಲವಾದ ಹಸಿರು ಹರಡಿಕೊಂಡಿರುತ್ತದೆ. ಮಾದರಿ ಪ್ರಖರವಾಗಿರಬೇಕು, ಟಾರ್ಚ್ ಹತ್ತಿರ ಹಿಡಿಯಬೇಕು, ಸ್ಪೆಕ್ಟ್ರೋಸ್ಕೋಪಿಗೆ ಬೆಳಕು ಹೋಗುವ ಸೀಳು ಕಿರಿದಾಗಿರಬೇಕು. ಪಟ್ಟೆಗಳು ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ಮೊದಲು ಯುರೇನಿಯಂ ಗಾಜಿನ ಮೇಲೆ ಪ್ರಯತ್ನಿಸಬೇಡಿ. ಗಾಜಿನಲ್ಲಿ ಮೆಟ್ಟಿಲುಗಳು ಒಂದಕ್ಕೊಂದು ಕಲಸಿಹೋಗಿರುತ್ತವೆ. ಆಟುನೈಟನ್ನೇ ನೋಡಿ.

ಮೂರನೆಯದು ವಿಕಿರಣ ಎಣಿಸುವ ಗೈಗರ್ ಕೌಂಟರ್. ಮೊದಲು ಕಲ್ಲಿಲ್ಲದೆ ಹತ್ತು ನಿಮಿಷ ಹಿನ್ನೆಲೆಯ ಎಣಿಕೆ ತೆಗೆಯಿರಿ. ಆಮೇಲೆ ಕಲ್ಲಿನ ಹತ್ತಿರ ಅಷ್ಟೇ ಹೊತ್ತು. ಎರಡರ ವ್ಯತ್ಯಾಸ ಮುಖ್ಯ. ತೆಳು ಅಭ್ರಕದ ಕಿಟಕಿ ಇರುವ ಕೌಂಟರ್ ಆಲ್ಫಾವನ್ನೂ ಹಿಡಿಯುತ್ತದೆ. ಲೋಹದ ಕೊಳವೆಯ ಅಗ್ಗದ ಕೌಂಟರಿಗೆ ಬೀಟಾ, ಗಾಮಾ ಮಾತ್ರ ಗೊತ್ತು. ಹಾಗಾಗಿ ಎರಡು ಬೇರೆ ಕೌಂಟರ್‌ಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಕೌಂಟರನ್ನು ಕಲ್ಲಿಗೆ ತಾಗಿಸಲೂಬೇಡಿ, ಧೂಳು ಅಂಟಿದರೆ ಮುಂದಿನ ಎಣಿಕೆಗಳೆಲ್ಲ ಕೆಡುತ್ತವೆ.

ಹಯಲೈಟ್‌ನಲ್ಲಿ ಕೌಂಟರ್ ಹಿನ್ನೆಲೆಗಿಂತ ಅಷ್ಟೇನೂ ಮೇಲೆ ಹೋಗದಿದ್ದರೆ ಗಾಬರಿಯಾಗಬೇಡಿ. ಅದೇ ಸಹಜ. ಕಪ್ಪಗಿರುವ ಪಿಚ್‌ಬ್ಲೆಂಡ್ ಮುಂದೆ ಅದೇ ಕೌಂಟರ್ ಬಾಯಿ ಮುಚ್ಚುವುದೇ ಇಲ್ಲ. ದೀಪಕ್ಕೆ ಒಂದು ಪ್ರಶ್ನೆ, ಕೌಂಟರಿಗೆ ಇನ್ನೊಂದು. ಒಂದರ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ.

ಹೆಜ್ಜೆ 8: ಫೋಟೋ

ಮೊಬೈಲನ್ನು ಆಟೋದಲ್ಲಿ ಬಿಟ್ಟರೆ ಹಸಿರು ಬಿಳಿಚಿಕೊಂಡು ಬರುತ್ತದೆ, ಬಣ್ಣವೂ ಸುಳ್ಳಾಗುತ್ತದೆ. ಮ್ಯಾನುಯಲ್‌ಗೆ ಹೋಗಿ, ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ ಕಟ್ಟಿಹಾಕಿ, ಸಾಧ್ಯವಿದ್ದರೆ ರಾ ಫೈಲ್ ಉಳಿಸಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ. ಫೋಕಸ್ ಮಾಡುವುದು ಬಿಳಿ ಬೆಳಕಿನಲ್ಲಿ, ಆಮೇಲೆ ಅದನ್ನು ಆರಿಸಿ ಯುವಿ ಹಚ್ಚಿ. ಕಡಿಮೆ ಐಎಸ್‌ಒ ಇಟ್ಟು ಕೆಲವು ಸೆಕೆಂಡ್ ಶಟರ್ ತೆರೆದಿಡಿ. ಆ ಹೊತ್ತಿನಲ್ಲಿ ಟಾರ್ಚನ್ನು ಕಲ್ಲಿನ ಸುತ್ತ ಆಡಿಸಿದರೆ ಬೆಳಕು ಸಮವಾಗಿ ಬೀಳುತ್ತದೆ.

ಎಲ್ಲರೂ ಎಡವುವ ಜಾಗ ಹಸಿರು ಚಾನೆಲ್, ಅಂದರೆ ಫೋಟೋದ ಹಸಿರು ಬಣ್ಣದ ಪಾಲು. ಒಟ್ಟು ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿ ಕಂಡರೂ ಹಸಿರು ಮಾತ್ರ ತುದಿ ಮುಟ್ಟಿ ಹರಳಿನ ವಿವರವೆಲ್ಲ ಅಳಿಸಿಹೋಗಿರುತ್ತದೆ. ಪರದೆಯ ಮೇಲೆ ತುಸು ಕತ್ತಲು ಅನ್ನಿಸುವಷ್ಟು ಕಡಿಮೆ ಎಕ್ಸ್‌ಪೋಶರ್ ಕೊಡಿ. ಲೆನ್ಸಿಗೆ ಯುವಿ ತಡೆಯುವ ತಿಳಿ ಹಳದಿ ಫಿಲ್ಟರ್ ಹಾಕಿದರೆ ನೇರಳೆ ಮಬ್ಬು ಹೋಗುತ್ತದೆ. ಆ ಫಿಲ್ಟರ್ ತಾನೇ ಯುವಿಯಲ್ಲಿ ಬೆಳಗುತ್ತದೆಯೇ ಎಂದು ಮೊದಲು ಟಾರ್ಚ್ ಬಿಟ್ಟು ನೋಡಿ. ಕೆಲವು ಬೆಳಗುತ್ತವೆ.

ಹೆಜ್ಜೆ 9: ಇಡುವುದು

ಆಟುನೈಟ್‌ನ ಹರಳಿನೊಳಗೆ ನೀರಿದೆ. ಒಣ ಗಾಳಿಯಲ್ಲಿ ಆ ನೀರು ಹೋಗಿ ಅದು ಮೆಟಾ-ಆಟುನೈಟ್ ಆಗುತ್ತದೆ. ಹೊಳಪು ಪೂರ್ತಿ ಹೋಗದಿದ್ದರೂ ಬಿಲ್ಲೆಗಳು ಬಿರುಕು ಬಿಟ್ಟು ಉದುರಲು ಶುರುವಾಗುತ್ತವೆ. ಧೂಳೇ ನಮ್ಮ ಶತ್ರು ಅಂದೆವಲ್ಲ, ಅದು ಹುಟ್ಟುವುದು ಹೀಗೆ. ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿಡಿ. ಕಿಟಕಿಯ ಬಿಸಿಲು, ಬಿಸಿಯಾಗುವ ಶೋಕೇಸ್ ದೀಪ ಎರಡೂ ಬೇಡ.

ಬಿಗಿ ಡಬ್ಬಿಯಲ್ಲಿ ಒಂದು ತೊಡಕು ಇದೆ. ಯುರೇನಿಯಂ ಸರಣಿಯಲ್ಲಿ ಹುಟ್ಟುವ ರೇಡಾನ್ ಅನಿಲ ಒಳಗೇ ಕೂಡಿಕೊಳ್ಳುತ್ತದೆ. ರೇಡಾನ್-222ರ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 3.8 ದಿನ; ಅದು ತಕ್ಷಣ ಖಾಲಿಯಾಗುವುದಿಲ್ಲ. ಹಾಗಾಗಿ ಡಬ್ಬಿಯನ್ನು ಗಾಳಿಯಾಡುವ ಕಡೆ, ಮುಖದಿಂದ ದೂರ ಹಿಡಿದು ತೆರೆಯಿರಿ. ಸಂಗ್ರಹ ದೊಡ್ಡದಾಗಿದ್ದರೆ ಅದಿರುವ ಕೋಣೆಗೆ ಹೊರಗಿನ ಗಾಳಿ ಬರಲೇಬೇಕು. ಮಲಗುವ ಕೋಣೆ, ಅಡುಗೆಮನೆ, ಮಕ್ಕಳ ಕೈಗೆ ಸಿಗುವ ಕಪಾಟು ಈ ಮೂರೂ ಬೇಡ.

ಡಬ್ಬಿಯ ಮೇಲೆ ವಿಕಿರಣದ ಮೂರು ದಳದ ಗುರುತು ಅಂಟಿಸಿ. ಖನಿಜದ ಹೆಸರು, ಸಿಕ್ಕ ಜಾಗ ಬರೆಯಿರಿ. ಅದರ ಕೆಳಗೆ ಎರಡು ಬೇರೆ ಸಾಲು ಬಿಡಿ. ಒಂದರಲ್ಲಿ ಯಾವ ತರಂಗಾಂತರಕ್ಕೆ ಯಾವ ಬಣ್ಣ, ಎಷ್ಟು ಪ್ರಖರ ಎಂದು ಬರೆಯಿರಿ. ಇನ್ನೊಂದರಲ್ಲಿ ಯಾವ ಕೌಂಟರ್, ಎಷ್ಟು ದೂರದಿಂದ, ಹಿನ್ನೆಲೆ ಕಳೆದು ಎಷ್ಟು ಎಣಿಕೆ ಎಂದು. ಬೆಳಗದ ಕಲ್ಲುಗಳಿಗೂ ಎರಡೂ ಸಾಲು ತುಂಬಿಸಿ. ನಿಮ್ಮ ನಂತರ ಆ ಡಬ್ಬಿ ತೆರೆಯುವವರು ಮೊದಲು ನೋಡಬೇಕಾದ್ದು ಎರಡನೇ ಸಾಲನ್ನು.